ಐದು ಡಾಲರ್ ಕೊಟ್ಟವರಿಗೆ ಏನು ಸಿಗುತ್ತದೆ?

2020ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದಿಂದ ಸೆನೆಟ್‌ಗೆ ಡೆಮಾಕ್ರಟಿಕ್ ಪಕ್ಷದ ಏಮಿ ಮೆಕ್‌ಗ್ರಾ ಸ್ಪರ್ಧಿಸಿದ್ದರು. ಮರೀನ್ ಪಡೆಯಲ್ಲಿದ್ದು, ಯುದ್ಧವಿಮಾನದಲ್ಲಿ ಹಾರಿ, ನಿವೃತ್ತರಾಗಿ ಬಂದವರು. ಎದುರಿಗಿದ್ದವರು ಮಿಚ್ ಮೆಕಾನೆಲ್. 1984ರಲ್ಲಿ ಮೊದಲ ಸಲ ಗೆದ್ದ ಮೇಲೆ ಆ ಸ್ಥಾನವನ್ನು ಒಮ್ಮೆಯೂ ಬಿಟ್ಟುಕೊಡದ ರಿಪಬ್ಲಿಕನ್ ನಾಯಕ. ಮೆಕ್‌ಗ್ರಾ ಅವರಿಗೆ 9 ಕೋಟಿ ಡಾಲರ್‌ಗೂ ಜಾಸ್ತಿ ದೇಣಿಗೆ ಹರಿದು ಬಂತು. ಐದು, ಹತ್ತು, ಇಪ್ಪತ್ತೈದು ಡಾಲರ್ ಕೊಟ್ಟವರು ಲೆಕ್ಕವಿಲ್ಲದಷ್ಟು ಜನ. ಅವರಲ್ಲಿ ಬಹಳಷ್ಟು ಮಂದಿ ಕೆಂಟಕಿಯವರೇ ಅಲ್ಲ. ಅವರಿಗೆ ಅಲ್ಲಿ ಓಟೇ ಇಲ್ಲ. ಕೊನೆಗೆ ಎಣಿಕೆ ಮುಗಿದಾಗ ಮೆಕ್‌ಗ್ರಾ ಸೋತಿದ್ದರು. ಅಂತರ ಶೇ 20ರ ಹತ್ತಿರ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಅಂತ ಆಮೇಲೆ ಬಹಳ ಜನ ಹೇಳಿದರು. ಲೆಕ್ಕ ನೋಡಿದರೆ ಆ ಮಾತು ಸರಿ. ಆದರೆ ಆ ಹಣ ಕೊಟ್ಟವರೆಲ್ಲ ಲೆಕ್ಕ ಬಾರದವರು ಅಂದುಕೊಂಡರೆ ನಾವೇ ಎಡವುತ್ತೇವೆ. ಸಾಮಾನ್ಯ ಮತದಾರ ಸಣ್ಣ ದೇಣಿಗೆ ಯಾಕೆ ಕೊಡುತ್ತಾನೆ ಅನ್ನುವ ಪ್ರಶ್ನೆ ಶುರುವಾಗುವುದೇ ಇಲ್ಲಿಂದ.

ಈ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಇದೆ. ಹನಿ ಹನಿ ಗೂಡಿದರೆ ಹಳ್ಳ ಅಂತ. ನಿಜ, ಹಳ್ಳ ಆಗುತ್ತದೆ. ಆದರೆ ಅದು ಅಭ್ಯರ್ಥಿಯ ಕಡೆಯ ಉತ್ತರ. ಹಳ್ಳ ತುಂಬಿದರೆ ಲಾಭ ಅವರಿಗೆ. ಒಂದು ಹನಿ ಹಾಕಿದವರಿಗೆ ತಮ್ಮ ಹನಿ ಇಲ್ಲದೆಯೂ ಹಳ್ಳ ತುಂಬುತ್ತಿತ್ತು ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಾಕುತ್ತಾರಲ್ಲ, ಅದಕ್ಕೆ ಕಾರಣ ಏನು?

ಮೊದಲು ನಿಯಮ ಸ್ವಲ್ಪ ನೋಡೋಣ. ಅಮೆರಿಕದ ಕೇಂದ್ರ ಮಟ್ಟದ ಚುನಾವಣೆಗಳಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಕೊಡುವ ಹಣಕ್ಕೆ ಮಿತಿ ಇದೆ. 2024ರ ಚುನಾವಣೆಯಲ್ಲಿ ಅದು 3,300 ಡಾಲರ್ ಇತ್ತು. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಗೆ ಒಂದು ಸಲ, ಮುಖ್ಯ ಚುನಾವಣೆಗೆ ಇನ್ನೊಂದು ಸಲ. 2010ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹುಟ್ಟಿಕೊಂಡ ಸೂಪರ್ ಪ್ಯಾಕ್‌ಗಳಿಗೆ, ಅಂದರೆ ಅಭ್ಯರ್ಥಿಯಿಂದ ಬೇರೆಯಾಗಿ ಪ್ರಚಾರಕ್ಕೆ ಖರ್ಚು ಮಾಡುವ ಸಮಿತಿಗಳಿಗೆ, ಮಾತ್ರ ಎಷ್ಟು ಬೇಕಾದರೂ ಕೊಡಬಹುದು. ಶ್ರೀಮಂತರ ದೊಡ್ಡ ದುಡ್ಡು ಹೋಗುವ ದಾರಿ ಅದು. ಸಣ್ಣ ದೇಣಿಗೆ ಅಂದರೆ ವಾಡಿಕೆಯಲ್ಲಿ 200 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಯಾಕೆ 200? ಒಬ್ಬರು ಕೊಟ್ಟದ್ದೆಲ್ಲ ಸೇರಿ 200 ಡಾಲರ್ ದಾಟಿದರೆ ಅಭ್ಯರ್ಥಿಯು ಅವರ ಹೆಸರು, ವಿಳಾಸ, ಉದ್ಯೋಗ, ಎಲ್ಲಿ ಕೆಲಸ ಅನ್ನುವುದನ್ನೆಲ್ಲ ಕೇಂದ್ರ ಚುನಾವಣಾ ಆಯೋಗಕ್ಕೆ ಕೊಡುವ ವರದಿಯಲ್ಲಿ ಬರೆಯಬೇಕು. ಅದರೊಳಗಿದ್ದರೆ ಹೆಸರು ಬರೆಯಬೇಕಾಗಿಲ್ಲ.

ಕೊಟ್ಟವರಿಗೆ ಪ್ರತಿಯಾಗಿ ಏನು ಸಿಗುತ್ತದೆ? ತೆರಿಗೆ ವಿನಾಯಿತಿ ಇಲ್ಲ. ಹಿಂದೆ ಒಂದಷ್ಟು ಕಾಲ ಕೇಂದ್ರ ತೆರಿಗೆಯಲ್ಲಿ ಸಣ್ಣ ರಿಯಾಯಿತಿ ಇತ್ತು, 1986ರ ತೆರಿಗೆ ಸುಧಾರಣೆಯಲ್ಲಿ ಅದನ್ನೂ ತೆಗೆದರು. ಐದು ಡಾಲರ್ ಕೊಟ್ಟವರಿಗೆ ಸೆನೆಟರ್ ಫೋನ್ ಮಾಡುವುದಿಲ್ಲ. ಕಾನೂನು ಬದಲಿಸಿ ಕೊಡುವುದಿಲ್ಲ. ಹೆಚ್ಚೆಂದರೆ ಒಂದು ಧನ್ಯವಾದದ ಇಮೇಲ್, ಅದೂ ಯಂತ್ರ ಕಳಿಸಿದ್ದು. ಅದರ ಹಿಂದೆಯೇ ಮತ್ತೆ ಹಣ ಕೇಳುವ ಇಮೇಲ್.

2003ರಲ್ಲಿ ಮೂವರು ಅಮೆರಿಕನ್ ಸಂಶೋಧಕರು ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ರಾಜಕೀಯದಲ್ಲಿ ಇಷ್ಟು ಹಣ ಯಾಕಿದೆ ಅಂತ ಎಲ್ಲರೂ ಕೇಳುತ್ತಾರೆ, ಆದರೆ ಸರ್ಕಾರದ ನಿರ್ಧಾರಗಳ ಬೆಲೆಗೆ ಹೋಲಿಸಿದರೆ ಇಷ್ಟು ಕಡಿಮೆ ಹಣ ಯಾಕಿದೆ? ಅವರ ಉತ್ತರ ನನಗೆ ಬಹಳ ಹಿಡಿಸುತ್ತದೆ. ಹೆಚ್ಚಿನ ದೇಣಿಗೆ ಬಂಡವಾಳ ಹೂಡಿಕೆಯೇ ಅಲ್ಲ ಅಂದರು ಅವರು. ಲಾಭ ಬರಲಿ ಅಂತ ಕೊಟ್ಟದ್ದಲ್ಲ ಅದು. ಜನ ತಮ್ಮ ಆಸೆಗೆ, ತಮ್ಮ ತೃಪ್ತಿಗೆ ಖರ್ಚು ಮಾಡುವ ಹಾಗೆ ರಾಜಕೀಯದಲ್ಲಿ ಭಾಗವಹಿಸುವುದಕ್ಕೂ ಖರ್ಚು ಮಾಡುತ್ತಾರೆ.

ಓಟು ಹಾಕುವುದನ್ನೇ ತಗೊಳ್ಳಿ. ಅಲ್ಲೂ ಇದೇ ಲೆಕ್ಕ ಅಲ್ವಾ? 2000ನೇ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷ ಯಾರು ಅನ್ನುವುದು ಫ್ಲಾರಿಡಾದ ಮೇಲೆ ನಿಂತಿತ್ತು. ಅಲ್ಲಿನ ಅಧಿಕೃತ ಅಂತರ 537 ಓಟು. ಅಷ್ಟು ಬಿಗಿಯಾದ ಚುನಾವಣೆಯಲ್ಲೂ ಯಾರೋ ಒಬ್ಬರು ಮನೆಯಲ್ಲೇ ಉಳಿದಿದ್ದರೆ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೂ ಜನ ಸರದಿಯಲ್ಲಿ ನಿಲ್ಲುತ್ತಾರೆ. ತಮ್ಮೊಬ್ಬರಿಂದಲೇ ಗೆಲುವು ಅಂದುಕೊಂಡು ನಿಲ್ಲುವುದಿಲ್ಲ. ನಾನೂ ಹೇಳಬೇಕು, ನನ್ನದೂ ಎಣಿಕೆಯಲ್ಲಿ ಇರಬೇಕು ಅಂತ ನಿಲ್ಲುತ್ತಾರೆ. ಸಣ್ಣ ದೇಣಿಗೆಯೂ ಅದೇ ಜಾತಿಯದು. ಓಟಿನ ತಂಗಿ ಅಂತ ಬೇಕಾದರೆ ಹೇಳಬಹುದು.

ಆಶ್ಚರ್ಯ ಅಂದರೆ ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲೇ ಹೆಚ್ಚುಕಡಿಮೆ ಈ ಮಾತು ಹೇಳಿದೆ. ಬಕ್ಲಿ ಮತ್ತು ವೆಲಿಯೊ ಪ್ರಕರಣದಲ್ಲಿ ದೇಣಿಗೆಗೆ ಮಿತಿ ಹಾಕಬಹುದಾ ಅನ್ನುವುದು ಒಂದು ಪ್ರಶ್ನೆಯಾಗಿತ್ತು. ಹಾಕಬಹುದು ಅಂದಿತು ಕೋರ್ಟ್. ಅದರ ವಾದ ಹೀಗೆ: ದೇಣಿಗೆ ಅಂದರೆ ಅಭ್ಯರ್ಥಿಗೆ ತೋರಿಸುವ ಬೆಂಬಲ. ಆ ಬೆಂಬಲದ ಮಾತು ಇರುವುದು ಕೊಟ್ಟೆ ಅನ್ನುವ ಕ್ರಿಯೆಯಲ್ಲಿ. ಹಣ ಹೆಚ್ಚಾದಷ್ಟೂ ಮಾತು ದೊಡ್ಡದಾಗುವುದಿಲ್ಲ. ಹಾಗಾಗಿ ಮೊತ್ತಕ್ಕೆ ಮಿತಿ ಹಾಕಿದರೆ ಯಾರ ಬಾಯಿಯನ್ನೂ ಕಟ್ಟಿದಂತಾಗುವುದಿಲ್ಲ. ಹಾಗೆ ನೋಡಿದರೆ ಐದು ಡಾಲರ್ ಕೊಟ್ಟವರೂ ಮೂರು ಸಾವಿರ ಕೊಟ್ಟವರೂ ಹೇಳಿದ ಮಾತು ಒಂದೇ.

ಆ ಮಾತು ಯಾವಾಗ ಬಾಯಿಗೆ ಬರುತ್ತದೆ ಅನ್ನುವುದನ್ನು ಗಮನಿಸಿದರೆ ವಿಷಯ ಇನ್ನೂ ಸ್ಪಷ್ಟ ಆಗುತ್ತದೆ. ದೇಣಿಗೆ ತಿಂಗಳು ತಿಂಗಳು ಸಮವಾಗಿ ಬರುವುದಿಲ್ಲ. ಏನೋ ಒಂದು ಆಗುತ್ತದೆ, ಗಂಟೆಗಳಲ್ಲಿ ಉಕ್ಕುತ್ತದೆ. 2009ರ ಸೆಪ್ಟೆಂಬರ್‌ನಲ್ಲಿ ಒಬಾಮಾ ಸಂಸತ್ತಿನಲ್ಲಿ ಭಾಷಣ ಮಾಡುತ್ತಿದ್ದಾಗ ಸೌತ್ ಕ್ಯಾರೊಲಿನಾದ ಜೋ ವಿಲ್ಸನ್ ಎಂಬ ಸದಸ್ಯರು 'ನೀವು ಸುಳ್ಳು ಹೇಳ್ತಿದ್ದೀರಿ' ಅಂತ ಕೂಗಿದರು. ಕೆಲವೇ ದಿನಗಳಲ್ಲಿ ವಿಲ್ಸನ್‌ಗೆ 10 ಲಕ್ಷ ಡಾಲರ್‌ಗೂ ಹೆಚ್ಚು ಬಂತು. ಅವರ ವಿರುದ್ಧ ನಿಲ್ಲಲಿದ್ದ ಡೆಮಾಕ್ರಟ್‌ಗೂ ಅಷ್ಟೇ ಬಂತು. ಒಂದೇ ಕೂಗು, ಎರಡೂ ಕಡೆಯವರ ಎದೆಗೆ ತಾಗಿತು.

2020ರ ಸೆಪ್ಟೆಂಬರ್ 18ರ ಸಂಜೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡ ಸುದ್ದಿ ಬಂತು. ಅದೇ ರಾತ್ರಿ ಮೆಕಾನೆಲ್, ಆ ಜಾಗಕ್ಕೆ ಟ್ರಂಪ್ ಸೂಚಿಸುವವರನ್ನು ಸೆನೆಟ್ ಮತಕ್ಕೆ ಹಾಕುತ್ತದೆ ಅಂತ ಹೇಳಿದರು. ಮಾರನೆಯ ದಿನ ಮುಗಿಯುವಷ್ಟರಲ್ಲಿ ಡೆಮಾಕ್ರಟ್‌ಗಳ ದೇಣಿಗೆ ಸಂಗ್ರಹಿಸುವ ಆಕ್ಟ್‌ಬ್ಲೂ ತಾಣದ ಮೂಲಕ 9 ಕೋಟಿ ಡಾಲರ್ ದಾಟಿತ್ತು. ಮೆಕ್‌ಗ್ರಾ ಅವರಂಥವರ ಖಾತೆ ಯಾಕೆ ಅಷ್ಟು ತುಂಬಿತು ಅನ್ನುವುದಕ್ಕೆ ಇಲ್ಲೊಂದು ಸುಳಿವು ಇದೆ. ಕೊಟ್ಟವರಲ್ಲಿ ಎಷ್ಟೋ ಮಂದಿಯ ಕಣ್ಣಿದ್ದದ್ದು ಮೆಕ್‌ಗ್ರಾ ಮೇಲಲ್ಲ, ಮೆಕಾನೆಲ್ ಮೇಲೆ.

ಇದು ಒಂದು ಪಕ್ಷದ ಕಥೆ ಅಂದುಕೊಳ್ಳಬೇಡಿ. 2024ರ ಮೇ 30ರಂದು ನ್ಯೂಯಾರ್ಕ್‌ನಲ್ಲಿ ಡೊನಾಲ್ಡ್ ಟ್ರಂಪ್ ತಪ್ಪಿತಸ್ಥ ಅಂತ ತೀರ್ಪು ಬಂತು. ಅವರ ದೇಣಿಗೆ ಪುಟಕ್ಕೆ ಜನ ಮುಗಿಬಿದ್ದು ಅದು ಸ್ವಲ್ಪ ಹೊತ್ತು ಕುಸಿದೇ ಹೋಯಿತು. ಆ ದಿನ ಸಣ್ಣ ದಾನಿಗಳಿಂದಲೇ 3.48 ಕೋಟಿ ಡಾಲರ್ ಬಂತು ಅಂತ ಅವರ ಪ್ರಚಾರ ತಂಡ ಹೇಳಿತು. ಎರಡು ತಿಂಗಳೊಳಗೆ, ಜುಲೈ 21ರಂದು, ಬೈಡನ್ ಕಣದಿಂದ ಹಿಂದೆ ಸರಿದರು. ಕಮಲಾ ಹ್ಯಾರಿಸ್ ಪ್ರಚಾರ ತಂಡದ ಪ್ರಕಾರ 24 ಗಂಟೆಯಲ್ಲಿ 8.1 ಕೋಟಿ ಡಾಲರ್ ಬಂತು. ಕೊಟ್ಟವರಲ್ಲಿ ಶೇ 60ರಷ್ಟು ಮಂದಿ ಆ ಚುನಾವಣೆಯಲ್ಲಿ ಮೊದಲ ಸಲ ಕೊಟ್ಟವರು.

ಸಿಟ್ಟು, ದುಃಖ, ಭಯ, ಒಮ್ಮೊಮ್ಮೆ ಸಂತೋಷ. ಸುದ್ದಿ ಬಂದ ಹೊತ್ತಿನಲ್ಲಿ ಮನೆಯಲ್ಲಿ ಕೂತವರಿಗೆ ಮಾಡಲು ಏನಿರುತ್ತದೆ? ಚುನಾವಣೆ ತಿಂಗಳುಗಟ್ಟಲೆ ದೂರ. ಓಟು ಇವತ್ತು ಹಾಕಲಾಗುವುದಿಲ್ಲ. ಟಿವಿ ನೋಡಿ ನೋಡಿ ಹೊಟ್ಟೆಯಲ್ಲಿ ಏನೋ ಕುದಿಯುತ್ತಿರುತ್ತದೆ. ಸುಮ್ನೆ ಕೂರಲು ಆಗುವುದಿಲ್ಲ. ಕೈಗೆ ಏನಾದರೂ ಕೆಲಸ ಬೇಕು. ದೇಣಿಗೆಯ ಬಟನ್ ಆ ಕೆಲಸ ಕೊಡುತ್ತದೆ.

ಆ ಬಟನ್ ಅನ್ನು ಹತ್ತಿರದಿಂದ ನೋಡೋಣ. ಓಹಾಯೊದ ಒಂದು ಊರಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ ಅಂತ ಇಟ್ಟುಕೊಳ್ಳಿ. ರಾತ್ರಿ ಊಟ ಆಗಿದೆ. ಫೋನಿಗೆ ಒಂದು ಮೆಸೇಜ್, ಅದರಲ್ಲಿ ಒಂದು ಲಿಂಕ್. ಒತ್ತಿದರೆ ಪುಟ ತೆರೆಯುತ್ತದೆ. ಮೇಲೆ ಅಭ್ಯರ್ಥಿಯ ಫೋಟೊ, ಎರಡು ಸಾಲು ಬರಹ. ಕೆಳಗೆ ಚೌಕಗಳು: 10, 25, 50, 100, 250. ಪಕ್ಕದಲ್ಲಿ ಖಾಲಿ ಜಾಗ, ಬೇರೆ ಮೊತ್ತ ಬರೆಯಲು. ಆಕೆ 250 ನೋಡುತ್ತಾರೆ, ಅದು ತಮಗಲ್ಲ ಅಂದುಕೊಳ್ಳುತ್ತಾರೆ. 25 ಒತ್ತುತ್ತಾರೆ. ಒಂದು ಸಲ ಮಾತ್ರವಾ, ಪ್ರತಿ ತಿಂಗಳಾ ಅಂತ ಪುಟ ಕೇಳುತ್ತದೆ. ಹೆಸರು, ವಿಳಾಸ. ಉದ್ಯೋಗ ಅನ್ನುವಲ್ಲಿ 'ನಿವೃತ್ತ' ಅಂತ ಬರೆಯುತ್ತಾರೆ. ಚುನಾವಣಾ ಆಯೋಗದ ದಾಖಲೆಗಳಲ್ಲಿ ಉದ್ಯೋಗದ ಜಾಗದಲ್ಲಿ ಬಹಳ ಹೆಚ್ಚು ಕಾಣುವ ಪದಗಳಲ್ಲಿ ಅದೂ ಒಂದು. ಆಮೇಲೆ ಇನ್ನೊಂದು ಒಪ್ಪಿಗೆ: ಇದು ನನ್ನ ಸ್ವಂತ ಹಣ, ನಾನು ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿ. ಕಾರ್ಡ್ ನಂಬರ್ ಹಿಂದೆಯೇ ಸೇವ್ ಆಗಿದ್ದರೆ ಇಷ್ಟೂ ಬೇಡ, ಒಂದೇ ಒತ್ತು. ಮುಗಿಯಿತು. ನಿಮಿಷದೊಳಗೆ ರಸೀದಿ ಇಮೇಲಿಗೆ ಬರುತ್ತದೆ.

ಆಗ ಆಕೆಗೆ ಆಗುವ ನೆಮ್ಮದಿ ಸುಳ್ಳಲ್ಲ. ಅದನ್ನು ಹೀಗಳೆಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆಕೆಗೆ ಅಧ್ಯಕ್ಷರ ಮನೆಯ ಔತಣಕ್ಕೆ ಕರೆ ಇಲ್ಲ. ಲಾಬಿ ಮಾಡಲು ಜನ ಇಲ್ಲ. ಇರುವುದು ಒಂದು ಓಟು, ಮತ್ತು ಪಿಂಚಣಿಯಲ್ಲಿ ಉಳಿದ 25 ಡಾಲರ್. ಎರಡನ್ನೂ ಆಕೆ ಬಳಸುತ್ತಾರೆ.

ಆದರೆ ಸಿಟ್ಟೊಂದೇ ಕಾರಣ ಆಗಿದ್ದರೆ ಅದು ಇಳಿದ ಮೇಲೆ ಎಲ್ಲ ನಿಂತುಹೋಗಬೇಕಿತ್ತು. ನಿಲ್ಲುವುದಿಲ್ಲ. ಅಲ್ಲಿ ಇನ್ನೊಂದು ಸೆಳೆತ ಕೆಲಸ ಮಾಡುತ್ತದೆ. ನಾನು ಒಬ್ಬಳೇ ಅಲ್ಲ ಅನ್ನುವ ಭಾವನೆ ಅದು.

ಇದನ್ನು ಇಂಟರ್ನೆಟ್‌ನಲ್ಲಿ ಮೊದಲು ಚೆನ್ನಾಗಿ ಅರ್ಥಮಾಡಿಕೊಂಡದ್ದು ಹೋವರ್ಡ್ ಡೀನ್ ತಂಡ. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಗವರ್ನರ್ ಆಗಿದ್ದವರು ಅವರು, 2004ರ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದರು. 2003ರ ಜುಲೈನಲ್ಲಿ ಉಪಾಧ್ಯಕ್ಷ ಡಿಕ್ ಚೇನಿ ಒಂದು ನಿಧಿ ಸಂಗ್ರಹದ ಊಟಕ್ಕೆ ಹೋಗುವವರಿದ್ದರು. ತಲೆಗೆ 2,000 ಡಾಲರ್. ಡೀನ್ ತಂಡ ಅದೇ ದಿನಕ್ಕೆ ತಮ್ಮ ಬೆಂಬಲಿಗರನ್ನು ಕರೆಯಿತು: ನೀವು ನಿಮ್ಮ ನಿಮ್ಮ ಕಂಪ್ಯೂಟರ್ ಮುಂದೆ ಕೂತು ಡೀನ್ ಜೊತೆ ಊಟ ಮಾಡಿ, ಕೈಲಾದದ್ದು ಕೊಡಿ. ಡೀನ್ ಕಂಪ್ಯೂಟರ್ ಮುಂದೆ ಕೂತು ಟರ್ಕಿ ಸ್ಯಾಂಡ್‌ವಿಚ್ ತಿನ್ನುವುದನ್ನು ಜನ ತಮ್ಮ ಪರದೆಯಲ್ಲಿ ನೋಡಿದರು. ಚೇನಿ ಊಟಕ್ಕೆ ಬಂದದ್ದಕ್ಕಿಂತ ಹೆಚ್ಚು, ಸುಮಾರು 5 ಲಕ್ಷ ಡಾಲರ್, ಆ ಸ್ಯಾಂಡ್‌ವಿಚ್‌ಗೆ ಬಂತು. ಅವರ ತಾಣದಲ್ಲಿ ಬೇಸ್‌ಬಾಲ್ ದಾಂಡಿನ ಒಂದು ಚಿತ್ರ ಇರುತ್ತಿತ್ತು. ಹಣ ಬಂದ ಹಾಗೆಲ್ಲ ಅದರಲ್ಲಿ ಕೆಂಪು ಬಣ್ಣ ಮೇಲೇರುತ್ತಿತ್ತು. ಜನ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು, ಎಲ್ಲಿಗೆ ಬಂತು ಅಂತ. ತಾನು ಕೊಟ್ಟ ಇಪ್ಪತ್ತು ಡಾಲರ್ ಆ ಕೆಂಪಿನಲ್ಲಿ ಸೇರಿದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು.

ಡೀನ್ ಅಭ್ಯರ್ಥಿ ಆಗಲಿಲ್ಲ. ಅವರು ತೋರಿಸಿದ ದಾರಿ ಉಳಿಯಿತು. ಮರುವರ್ಷ, 2004ರಲ್ಲಿ, ಆಕ್ಟ್‌ಬ್ಲೂ ಶುರುವಾಯಿತು. ರಿಪಬ್ಲಿಕನ್ನರ ವಿನ್‌ರೆಡ್ ಬರಲು 2019 ಆಗಬೇಕಾಯಿತು.

2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ಬರ್ನಿ ಸ್ಯಾಂಡರ್ಸ್ ಈ ಭಾವನೆಯನ್ನು ಒಂದು ಅಂಕಿಯಲ್ಲಿ ಹಿಡಿದಿಟ್ಟರು. ನಮಗೆ ಬರುವ ದೇಣಿಗೆಯ ಸರಾಸರಿ ಎಷ್ಟು ಗೊತ್ತಾ ಅಂತ ಸಭೆಗಳಲ್ಲಿ ಕೇಳುತ್ತಿದ್ದರು. ಸಭೆಯೇ ಕೂಗಿ ಹೇಳುತ್ತಿತ್ತು, 27 ಡಾಲರ್ ಅಂತ. ನ್ಯೂಹ್ಯಾಂಪ್‌ಶೈರ್ ರಾಜ್ಯದ ಪ್ರಾಥಮಿಕ ಚುನಾವಣೆ ಗೆದ್ದ ರಾತ್ರಿ ಟಿವಿಯಲ್ಲಿ ನೇರವಾಗಿ ಹಣ ಕೇಳಿದರು. ಒಂದು ದಿನದೊಳಗೆ 50 ಲಕ್ಷ ಡಾಲರ್‌ಗೂ ಹೆಚ್ಚು ಬಂತು. 27 ಅನ್ನುವುದು ಅಲ್ಲಿ ಬರೀ ಸರಾಸರಿ ಆಗಿರಲಿಲ್ಲ. ನಾವು ಯಾರು ಅನ್ನುವುದರ ಗುರುತಾಗಿತ್ತು. ದೊಡ್ಡವರ ದುಡ್ಡಿಲ್ಲದೆ ನಡೆಯುವ ಪ್ರಚಾರ ಇದು, ನನ್ನಂಥವರು ನಡೆಸುತ್ತಿರುವುದು ಅನ್ನುವ ಹೆಮ್ಮೆ ಅದರಲ್ಲಿತ್ತು. ಇದಕ್ಕೂ ಮುಂಚೆ, 1992ರಲ್ಲಿ, ಜೆರ್ರಿ ಬ್ರೌನ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವಾಗ 100 ಡಾಲರ್‌ಗಿಂತ ಹೆಚ್ಚು ಯಾರಿಂದಲೂ ತಗೊಳ್ಳುವುದಿಲ್ಲ ಅಂದಿದ್ದರು. ಟೋಲ್‌ಫ್ರೀ ಫೋನ್ ನಂಬರನ್ನು ಚರ್ಚೆಯ ವೇದಿಕೆಯಿಂದಲೇ ಹೇಳುತ್ತಿದ್ದರು. ಬಟನ್ ಇರಲಿಲ್ಲ ಅಷ್ಟೇ, ಭಾವನೆ ಅದೇ.

ಈಚೆಗೆ ಸಣ್ಣ ದೇಣಿಗೆಗೆ ಮತ್ತೊಂದು ಅರ್ಥವೂ ಅಂಟಿಕೊಂಡಿದೆ. ಅದು ತಲೆ ಎಣಿಕೆ. 2019ರಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಟಿವಿ ಚರ್ಚೆಗೆ ಯಾರನ್ನು ಸೇರಿಸಬೇಕು ಅನ್ನುವುದಕ್ಕೆ ದಾನಿಗಳ ಸಂಖ್ಯೆಯನ್ನೂ ಅಳತೆ ಮಾಡಿತು. ಮೊದಲ ಚರ್ಚೆಗಳಿಗೆ 65,000 ಬೇರೆ ಬೇರೆ ದಾನಿಗಳಿದ್ದರೆ ಸಾಕು, ಆದರೆ 20 ರಾಜ್ಯಗಳಲ್ಲಿ ತಲಾ 200 ಮಂದಿ ಇರಬೇಕು. ಆಮೇಲೆ ಅದನ್ನು 1,30,000ಕ್ಕೆ ಏರಿಸಿದರು. ಎಷ್ಟು ಕೊಟ್ಟರು ಅನ್ನುವುದು ಮುಖ್ಯ ಅಲ್ಲ, ಎಷ್ಟು ಜನ ಅನ್ನುವುದೇ ಮುಖ್ಯ. ಒಂದು ಡಾಲರ್ ಕೊಡಿ ಸಾಕು ಅಂತ ಅಭ್ಯರ್ಥಿಗಳು ಬೇಡತೊಡಗಿದರು. ಕೊಡುವವರಿಗೂ ಇದು ಹೊಸ ಕಾರಣ ಆಯಿತು. ಈ ಅಭ್ಯರ್ಥಿ ಗೆಲ್ಲದಿದ್ದರೂ ಪರವಾಗಿಲ್ಲ, ಇವರ ಮಾತು ವೇದಿಕೆಯಲ್ಲಿ ಕೇಳಿಬರಲಿ ಅಂತ ಒಂದು ಡಾಲರ್ ಕೊಟ್ಟವರಿದ್ದಾರೆ. ಅರ್ಜಿಗೆ ಸಹಿ ಹಾಕಿದ ಹಾಗೆ ಅದು.

2023ರಲ್ಲಿ ರಿಪಬ್ಲಿಕನ್ ಪಕ್ಷವೂ ಇಂಥದ್ದೇ ನಿಯಮ ತಂದಿತು, 40,000 ದಾನಿಗಳು ಅಂತ. ನಾರ್ತ್ ಡಕೋಟಾದ ಗವರ್ನರ್ ಡಗ್ ಬರ್ಗಮ್, ಸಾಫ್ಟ್‌ವೇರ್ ಕಂಪನಿ ಮಾರಿ ಶ್ರೀಮಂತರಾದವರು, ಒಂದು ಉಪಾಯ ಹೂಡಿದರು. ಒಂದು ಡಾಲರ್ ಕೊಟ್ಟವರಿಗೆ 20 ಡಾಲರ್‌ನ ಗಿಫ್ಟ್ ಕಾರ್ಡ್. ಅವರು ಚರ್ಚೆಯ ವೇದಿಕೆ ಹತ್ತಿದರು. ಇದರಲ್ಲಿ ನನಗೆ ಖುಷಿ ಕೊಡುವುದು ಏನೂ ಇಲ್ಲ. ಸಣ್ಣ ದೇಣಿಗೆಗೆ ಬೆಲೆ ಬರುವುದೇ ಕೊಟ್ಟವರು ಏನೂ ಪಡೆಯದೆ ಕೊಟ್ಟರು ಅನ್ನುವುದರಿಂದ. ಒಂದು ಕೊಟ್ಟರೆ ಇಪ್ಪತ್ತು ಸಿಗುತ್ತದೆ ಅಂದ ಮೇಲೆ ಆ ಎಣಿಕೆ ಏನನ್ನೂ ಹೇಳುವುದಿಲ್ಲ.

ಇನ್ನು ಅಭ್ಯರ್ಥಿಯ ಕಡೆಯಿಂದ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ನಮ್ಮ ಶಿಕ್ಷಕಿ ಕೊಟ್ಟ 25 ಡಾಲರ್‌ಗಿಂತ ಆಕೆ ಕೊಟ್ಟ ಇಮೇಲ್ ವಿಳಾಸಕ್ಕೆ ಬೆಲೆ ಜಾಸ್ತಿ. ಯಾಕೆಂದರೆ ಒಮ್ಮೆ ಕೊಟ್ಟವರು ಮತ್ತೆ ಕೊಡುತ್ತಾರೆ. ಇದು ಕಂಪ್ಯೂಟರ್ ಕಾಲದಲ್ಲಿ ಕಂಡುಹಿಡಿದದ್ದಲ್ಲ. 1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಸ್ಥಾನಕ್ಕೆ ನಿಂತು ಹೀನಾಯವಾಗಿ ಸೋತರು. ಆದರೆ ಅವರಿಗೆ ಸಣ್ಣ ದಾನಿಗಳ ದೊಡ್ಡ ಪಡೆ ಇತ್ತು. ಚುನಾವಣೆ ಮುಗಿದ ಮೇಲೆ ರಿಚರ್ಡ್ ವಿಗರಿ ಎಂಬ ಯುವಕ ಸಾರ್ವಜನಿಕ ದಾಖಲೆಯಲ್ಲಿದ್ದ ಗೋಲ್ಡ್‌ವಾಟರ್ ದಾನಿಗಳ ಹೆಸರು, ವಿಳಾಸಗಳನ್ನು ಕೈಯಲ್ಲಿ ನಕಲು ಮಾಡಿಸಿಕೊಂಡರು. ಆ ಪಟ್ಟಿಯಿಂದ ಶುರುವಾದ ಅಂಚೆ ಪತ್ರಗಳ ವ್ಯವಹಾರ ಅಮೆರಿಕದ ಬಲಪಂಥೀಯ ರಾಜಕೀಯಕ್ಕೆ ದಶಕಗಳ ಕಾಲ ಹಣ ತಂದಿತು. ಅಭ್ಯರ್ಥಿ ಸೋತರೂ ಪಟ್ಟಿ ಸೋಲಲಿಲ್ಲ.

ಮತ್ತೆ ಮತ್ತೆ ಕೊಡುವುದು ಎಷ್ಟು ಮುಖ್ಯ ಅನ್ನುವುದು 2008ರ ಒಬಾಮಾ ಲೆಕ್ಕದಲ್ಲಿ ಕಾಣುತ್ತದೆ. ಸಾಮಾನ್ಯ ಜನರ ಸಣ್ಣ ದೇಣಿಗೆಯಿಂದ ಗೆದ್ದರು ಅಂತ ಆಗ ಎಲ್ಲೆಡೆ ಮಾತು. ಒಂದೊಂದೇ ದೇಣಿಗೆ ನೋಡಿದರೆ ಸಣ್ಣವೇ ಹೆಚ್ಚು. ಆದರೆ ಅದೇ ವ್ಯಕ್ತಿ ಜನವರಿಯಲ್ಲಿ 50, ಏಪ್ರಿಲ್‌ನಲ್ಲಿ 100, ಸೆಪ್ಟೆಂಬರ್‌ನಲ್ಲಿ 100 ಕೊಟ್ಟಿರುತ್ತಾರೆ. ಒಟ್ಟುಗೂಡಿಸಿದರೆ 200 ದಾಟುತ್ತದೆ. ಹಾಗೆ ಕೂಡಿಸಿ ನೋಡಿದಾಗ, ಒಟ್ಟು 200 ಡಾಲರ್ ಅಥವಾ ಅದರೊಳಗೆ ಕೊಟ್ಟವರ ಪಾಲು ಸುಮಾರು ಕಾಲು ಭಾಗ ಮಾತ್ರ ಇತ್ತು. ಅದರಿಂದ ಅವರ ಕಥೆ ಸುಳ್ಳಾಗುವುದಿಲ್ಲ. ಒಮ್ಮೆ ಕೈ ಹಾಕಿದವರು ಕೈ ತೆಗೆಯುವುದಿಲ್ಲ ಅನ್ನುವುದು ಅದರಿಂದ ತಿಳಿಯುತ್ತದೆ. ಐದು ಡಾಲರ್ ಕೊಟ್ಟವರು ಆಮೇಲೆ ಸುದ್ದಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಅವರಲ್ಲಿ ಕೆಲವರು ಫೋನ್ ಮಾಡುತ್ತಾರೆ, ಮನೆ ಮನೆಗೆ ಹೋಗುತ್ತಾರೆ. ಹಣ ಹಾಕಿದ ಮೇಲೆ ಅದು ನಮ್ಮ ಮನೆಯ ವಿಷಯ ಆಗಿಬಿಡುತ್ತದೆ.

ಕೊಡುವವರ ಮನಸ್ಸು ಹೀಗೆ ಮೆತ್ತಗಿದೆ ಅಂತ ಗೊತ್ತಾದ ಮೇಲೆ ಅದನ್ನು ಹಿಂಡುವವರೂ ಬರುತ್ತಾರೆ. ಈ ಭಾಗ ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

'ಇವತ್ತು ಮಧ್ಯರಾತ್ರಿಯೊಳಗೆ' ಅನ್ನುವ ಮೆಸೇಜ್ ನೋಡಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ದಿನಗಳಲ್ಲಿ ಇವು ಜಾಸ್ತಿ, ಏಕೆಂದರೆ ಪ್ರಚಾರದ ಲೆಕ್ಕದ ತ್ರೈಮಾಸಿಕ ಆಗ ಮುಗಿಯುತ್ತದೆ. ಅಷ್ಟು ಮಟ್ಟಿಗೆ ಅದು ನಿಜ. ಆದರೆ ಯಾವ ಗಡುವೂ ಇಲ್ಲದ ಮಂಗಳವಾರವೂ ಮಧ್ಯರಾತ್ರಿಯ ಗಡುವು ಬರುತ್ತದೆ. ಇನ್ನೊಂದು, 'ನೀವು ಕೊಟ್ಟರೆ ಅದಕ್ಕೆ ಏಳು ಪಟ್ಟು ಸೇರಿಸುತ್ತೇವೆ' ಅನ್ನುವುದು. ಸ್ವಲ್ಪ ಯೋಚಿಸಿ. ಒಂದು ಚುನಾವಣೆಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಮೂರು ಸಾವಿರ ಚಿಲ್ಲರೆ ಡಾಲರ್‌ಗಿಂತ ಹೆಚ್ಚು ಕೊಡುವ ಹಾಗೇ ಇಲ್ಲ. ಹಾಗಿದ್ದ ಮೇಲೆ ಸಾವಿರಾರು ಜನರ ದೇಣಿಗೆಗೆ ಏಳು ಪಟ್ಟು ಸೇರಿಸುವವರು ಯಾರು? ಅಂಥವರು ಇರಲು ಸಾಧ್ಯವೇ ಇಲ್ಲ ಅನ್ನುವಷ್ಟು ಕಷ್ಟ. ಮೆಸೇಜ್ ಮಾತ್ರ ಬರುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಮೊದಲೇ ಟಿಕ್ ಹಾಕಿಟ್ಟ ಚೌಕ. 2020ರಲ್ಲಿ ಟ್ರಂಪ್ ಪ್ರಚಾರದ ದೇಣಿಗೆ ಪುಟದಲ್ಲಿ, ಈ ಹಣವನ್ನು ಪ್ರತಿ ವಾರ ಕೊಡುತ್ತೇನೆ ಅನ್ನುವ ಚೌಕಕ್ಕೆ ಮುಂಚೆಯೇ ಟಿಕ್ ಬಿದ್ದಿರುತ್ತಿತ್ತು. ಬೇಡ ಅನ್ನುವವರು ಹುಡುಕಿ ತೆಗೆಯಬೇಕು. ಅದರ ಸುತ್ತ ದಪ್ಪ ಅಕ್ಷರದ ಬರಹ, ಓದಿದರೆ ತಲೆ ತಿರುಗುವ ಹಾಗೆ. ಒಂದು ಸಲ ಕೊಟ್ಟೆ ಅಂದುಕೊಂಡವರ ಖಾತೆಯಿಂದ ವಾರ ವಾರ ಹಣ ಹೋಯಿತು. ಆ ಚುನಾವಣೆಯ ಅವಧಿಯಲ್ಲಿ ಪ್ರಚಾರ ತಂಡ ಮತ್ತು ಪಕ್ಷದ ಜಂಟಿ ಖಾತೆಗಳು 12 ಕೋಟಿ ಡಾಲರ್‌ಗೂ ಹೆಚ್ಚು ಹಣ ವಾಪಸ್ ಮಾಡಿದವು. ಅದೆಲ್ಲವೂ ಆ ಟಿಕ್‌ನಿಂದಲೇ ಆದದ್ದಲ್ಲ, ಆದರೆ ಅದರ ಪಾಲೂ ಇತ್ತು. ಡೆಮಾಕ್ರಟಿಕ್ ಕಡೆಯ ಕೆಲವು ಸಮಿತಿಗಳೂ ತಿಂಗಳ ದೇಣಿಗೆಗೆ ಇದೇ ಉಪಾಯ ಬಳಸಿದ್ದವು. 2021ರ ಮೇ ತಿಂಗಳಲ್ಲಿ ಚುನಾವಣಾ ಆಯೋಗದ ಸದಸ್ಯರೆಲ್ಲ ಒಮ್ಮತದಿಂದ, ಇದನ್ನು ನಿಷೇಧಿಸಿ ಅಂತ ಸಂಸತ್ತಿಗೆ ಶಿಫಾರಸು ಮಾಡಿದರು. ಪಕ್ಷ ಪಕ್ಷ ಅಂತ ಸದಾ ಎರಡು ಭಾಗ ಆಗುವ ಆಯೋಗ ಅದು.

ವಯಸ್ಸಾದವರು, ಚಿಕ್ಕ ಅಕ್ಷರ ಓದಲಾಗದವರು, ಫೋನ್ ಹೊಸದಾಗಿ ಕಲಿತವರು ಇದಕ್ಕೆ ಮೊದಲು ಸಿಕ್ಕಿಬೀಳುತ್ತಾರೆ. ನಾನೂ ಇದ್ದೇನೆ ಅಂತ ಕೈ ಎತ್ತಿದವರ ಜೇಬಿಗೆ ಕೈ ಹಾಕುವುದು ಇದು. ಇದಕ್ಕೆ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

ಇನ್ನೊಂದು ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ಸಣ್ಣ ದೇಣಿಗೆ ಕೊಡುವವರು ಎಲ್ಲ ಮತದಾರರ ಹಾಗಲ್ಲ. ಹೆಚ್ಚಿನ ಅಮೆರಿಕನ್ನರು ಯಾರಿಗೂ ಏನೂ ಕೊಡುವುದಿಲ್ಲ. ಕೊಡುವವರಲ್ಲಿ ಪಕ್ಷದ ಮೇಲೆ ಬಿಗಿ ಅಭಿಮಾನ ಇರುವವರೇ ಹೆಚ್ಚು. ಹಾಗಾಗಿ ಶಾಂತವಾಗಿ ಸಮಿತಿಯಲ್ಲಿ ಕೂತು ಕೆಲಸ ಮಾಡುವ ಸದಸ್ಯರಿಗಿಂತ, ಕ್ಯಾಮೆರಾ ಮುಂದೆ ಕೂಗುವವರಿಗೆ ಹಣ ಬೇಗ ಬರುತ್ತದೆ. ಜೋ ವಿಲ್ಸನ್ ಕಥೆ ನೋಡಿದೆವಲ್ಲ. ಕೂಗಿದರೆ ದುಡ್ಡು ಬರುತ್ತದೆ ಅಂತ ಗೊತ್ತಾದರೆ ಕೂಗುವವರು ಹೆಚ್ಚುತ್ತಾರೆ. ಇದಕ್ಕೆ ಸಣ್ಣ ದಾನಿಗಳನ್ನು ಬೈದು ಉಪಯೋಗ ಇಲ್ಲ. ಅವರ ಸಂಖ್ಯೆ ಹೆಚ್ಚಾಗಬೇಕು, ಸಾಮಾನ್ಯ ಮನಸ್ಸಿನವರೂ ಅದರಲ್ಲಿ ಸೇರಬೇಕು. ಅದು ಹೇಗೆ?

ಎರಡು ನಗರಗಳು ಪ್ರಯತ್ನ ಮಾಡಿವೆ. ನ್ಯೂಯಾರ್ಕ್ ನಗರದ ಸ್ಥಳೀಯ ಚುನಾವಣೆಯಲ್ಲಿ ನಗರದ ನಿವಾಸಿ ಕೊಟ್ಟ ಸಣ್ಣ ದೇಣಿಗೆಗೆ ಸರ್ಕಾರವೇ ಹಣ ಸೇರಿಸುತ್ತದೆ. ಮತದಾರರು 2018ರಲ್ಲಿ ಒಪ್ಪಿದ ಬದಲಾವಣೆಯ ನಂತರ ಅದು ಒಂದಕ್ಕೆ ಎಂಟು. 10 ಡಾಲರ್ ಕೊಟ್ಟರೆ ಯೋಜನೆಗೆ ಸೇರಿದ ಅಭ್ಯರ್ಥಿಗೆ 90 ಡಾಲರ್ ಸಿಗುತ್ತದೆ. ಇಲ್ಲಿ ಪಟ್ಟು ಸೇರಿಸುವ ಮಾತು ನಿಜವಾದದ್ದು, ಕಾನೂನಿನಲ್ಲೇ ಇರುವುದು. ಆಗ ಅಭ್ಯರ್ಥಿಗೆ ತನ್ನ ಬೀದಿಯ ಹತ್ತು ಡಾಲರ್‌ನವರ ಹತ್ತಿರ ಹೋಗುವುದೇ ಲಾಭ.

ಸಿಯಾಟಲ್ ಇನ್ನೂ ಮುಂದೆ ಹೋಯಿತು. ಕೊಡಲು ಕೈಯಲ್ಲಿ ಹಣ ಇಲ್ಲದವರು ಏನು ಮಾಡಬೇಕು ಅಂತ ಕೇಳಿತು. 2015ರಲ್ಲಿ ಅಲ್ಲಿನ ಮತದಾರರು ಒಂದು ಯೋಜನೆಗೆ ಒಪ್ಪಿಗೆ ಕೊಟ್ಟರು. 2017ರ ಚುನಾವಣೆಯಲ್ಲಿ ಅದು ಮೊದಲ ಸಲ ಜಾರಿಗೆ ಬಂತು. ನಗರದ ಮತದಾರರ ಮನೆಗೆ ಅಂಚೆಯಲ್ಲಿ ನಾಲ್ಕು ಚೀಟಿ ಬರುತ್ತವೆ, ಒಂದೊಂದು 25 ಡಾಲರ್‌ನದು. ಅದನ್ನು ನಗದು ಮಾಡಿಕೊಳ್ಳಲು ಆಗುವುದಿಲ್ಲ. ಇಷ್ಟವಾದ ಅಭ್ಯರ್ಥಿಯ ಹೆಸರು ಬರೆದು ಸಹಿ ಹಾಕಿ ಕೊಟ್ಟರೆ ನಗರ ಆ ಅಭ್ಯರ್ಥಿಗೆ ಹಣ ಕೊಡುತ್ತದೆ. ಆಸ್ತಿ ತೆರಿಗೆಯಿಂದ ಬಂದ ಹಣ ಅದು.

ಬಿಟ್ಟಿ ಚೀಟಿ, ಎಲ್ಲರೂ ಬಳಸಿರಬೇಕು ಅಲ್ವಾ? ಇಲ್ಲ. ಮೊದಲ ಚುನಾವಣೆಗಳಲ್ಲಿ ಹತ್ತರಲ್ಲಿ ಒಬ್ಬರು ಕೂಡ ಬಳಸಲಿಲ್ಲ. ಆದರೂ ಸ್ಥಳೀಯ ಚುನಾವಣೆಗೆ ಕೊಡುವವರ ಸಂಖ್ಯೆ ಮೊದಲಿದ್ದದ್ದಕ್ಕಿಂತ ಹಲವು ಪಟ್ಟು ಏರಿತು. ಈ ಎರಡೂ ಸಂಗತಿಯನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಹಣ ಇಲ್ಲದ್ದೊಂದೇ ಅಡ್ಡಿ ಆಗಿರಲಿಲ್ಲ. ಎಷ್ಟೋ ಜನರನ್ನು ಯಾರೂ ಬಂದು ಕೇಳಿರಲೇ ಇಲ್ಲ.

ಈಗ ಸಿಯಾಟಲ್‌ನಲ್ಲಿ ನಗರಸಭೆಗೆ ನಿಲ್ಲುವವರು ಬಾಗಿಲು ತಟ್ಟುವಾಗ ಕೈಯಲ್ಲಿ ಚೀಟಿಯ ಫಾರಂ ಹಿಡಿದಿರುತ್ತಾರೆ. ಅಂಚೆಯಲ್ಲಿ ಬಂದದ್ದು ಎಲ್ಲೋ ಕಳೆದುಹೋಯಿತು ಅಂದರೆ ಅಲ್ಲೇ ಬದಲಿ ಫಾರಂ ತುಂಬಿಸಿಕೊಳ್ಳಬಹುದು. ಬಾಡಿಗೆ ಮನೆಯ ಬಾಗಿಲಲ್ಲಿ ನಿಂತವರು ಬಸ್ಸಿನ ಬಗ್ಗೆ, ಬಾಡಿಗೆಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. ಅಭ್ಯರ್ಥಿ ನಿಂತು ಉತ್ತರ ಹೇಳುತ್ತಾರೆ. ಉತ್ತರ ಒಪ್ಪಿಗೆ ಆದರೆ ಪೆನ್ನು ತಗೊಂಡು ಸಹಿ ಹಾಕುತ್ತಾರೆ, ದಿನಾಂಕ ಬರೆಯುತ್ತಾರೆ. ಆಗದಿದ್ದರೆ, ಯೋಚನೆ ಮಾಡ್ತೀನಿ ಅಂತ ಚೀಟಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ.